ಗುಂಡಿಗೆ ಇಳಿದ ಕಾರ್ಯದರ್ಶಿ

2017ರ ಫೆಬ್ರವರಿಯಲ್ಲಿ ತೆಲಂಗಾಣದ ವರಂಗಲ್ ಸೀಮೆಯ ಗಂಗದೇವಿಪಲ್ಲಿ ಎಂಬ ಹಳ್ಳಿಗೆ ದೊಡ್ಡ ಅಧಿಕಾರಿಗಳ ಸವಾರಿಯೊಂದು ಬಂದಿತು. ಕೇಂದ್ರ ಸರ್ಕಾರದ ಕುಡಿಯುವ ನೀರು ಮತ್ತು ನೈರ್ಮಲ್ಯ ಮಂತ್ರಾಲಯದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಅವರು ಮುಂದೆ. ಬೇರೆ ಬೇರೆ ರಾಜ್ಯಗಳ ಹಿರಿಯ ಅಧಿಕಾರಿಗಳು ಹಿಂದೆ. ಇಂಥ ಸವಾರಿಗಳು ಹಳ್ಳಿಗೆ ಬಂದಾಗ ಸಾಮಾನ್ಯವಾಗಿ ಏನು ನಡೆಯುತ್ತದೆಂಬುದನ್ನು ಎಲ್ಲರೂ ಬಲ್ಲರು. ಹಾರ, ಎಳನೀರು, ಭಾಷಣ, ಫೋಟೋ. ಸಂಜೆಯ ಹೊತ್ತಿಗೆ ಮೋಟಾರುಗಳು ಧೂಳೆಬ್ಬಿಸಿಕೊಂಡು ಹಿಂದಿರುಗುತ್ತವೆ. ಆ ದಿನ ಮಾತ್ರ ಅತಿಥಿಗಳು ಮನೆಗಳ ಹಿತ್ತಿಲ ಕಡೆಗೆ ನಡೆದರು. ಅಲ್ಲಿ ಪಾಯಿಖಾನೆಯ ಗುಂಡಿಗಳ ಮುಚ್ಚಳ ತೆಗೆಯಲಾಯಿತು. ಕಾರ್ಯದರ್ಶಿಗಳು ಗುಂಡಿಗೆ ಇಳಿದು, ಒಳಗಿದ್ದುದನ್ನು ತಮ್ಮ ಕೈಯಿಂದಲೇ ಬಗೆದು ಹೊರಗೆ ಹಾಕಿದರು. ಜೊತೆಗೆ ಬಂದವರೂ ಹಾಗೆಯೇ ಮಾಡಿದರು.

ಓದುಗರಲ್ಲಿ ಕೆಲವರು ಇಷ್ಟು ಓದಿ ಪುಟ ತಿರುಗಿಸಲು ಹೊರಟಿರಬಹುದು. ಕಾಫಿಯ ಲೋಟ ಪಕ್ಕದಲ್ಲಿದ್ದರೆ ಅದು ಸಹಜವೇ. ಆದರೆ ಸ್ವಲ್ಪ ತಾಳಬೇಕು. ಆ ಗುಂಡಿಯಿಂದ ಮೇಲೆ ಬಂದ ಪದಾರ್ಥವನ್ನು ಕಂಡಿದ್ದರೆ ಅವರು ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಮೊದಲು ಅದು ಏನಾಗಿತ್ತೆಂದು ಹೇಳದೆ ಅಂಗೈಯಲ್ಲಿಟ್ಟರೆ ಹೂವಿನ ಕುಂಡಕ್ಕೆ ತಂದ ಗೊಬ್ಬರವೆಂದೇ ತಿಳಿಯುತ್ತಿದ್ದರು. ಕಪ್ಪು ಮಣ್ಣಿನಂತಹ, ಒಣಗಿದ, ಉದುರು ಉದುರಾದ ಪುಡಿ; ವಾಸನೆಯಿಲ್ಲ. ಈ ಸಂಗತಿಯನ್ನು ಬಾಯಿಮಾತಿನಲ್ಲಿ ನೂರು ಸಲ ಹೇಳಿದರೂ ನಂಬದ ಜನರಿಗೆ ಕಣ್ಣಾರೆ ತೋರಿಸಲೆಂದೇ ಆ ಕೆಲಸ ನಡೆಯಿತು. ಆ ತಿಂಗಳ ಕೊನೆಯಲ್ಲಿ ಪ್ರಧಾನಮಂತ್ರಿಗಳೂ ತಮ್ಮ ರೇಡಿಯೋ ಭಾಷಣದಲ್ಲಿ ಅದನ್ನು ಪ್ರಸ್ತಾಪಿಸಿದರು.

ನಗರದವರಿಗೂ ಈ ವಿಷಯದಲ್ಲಿ ಒಂದು ಗುಂಡಿ ಗೊತ್ತು. ಅದು ಒತ್ತುವ ಗುಂಡಿ. ಒತ್ತಿದರೆ ಭೋರೆಂದು ನೀರು ಬಂದು ಎಲ್ಲವನ್ನೂ ಕೊಂಡೊಯ್ಯುತ್ತದೆ. ಎಲ್ಲಿಗೆ ಎಂದು ಕೇಳುವವರು ಕಡಿಮೆ. ನೆಲದೊಳಗಿನ ಕೊಳವೆಗಳಲ್ಲಿ ಹರಿದು ಊರ ಹೊರಗಿನ ಶುದ್ಧೀಕರಣದ ಸ್ಥಾವರಕ್ಕೆ ಹೋಗುತ್ತದೆ ಎಂಬುದು ಒಳ್ಳೆಯ ಪಕ್ಷದ ಉತ್ತರ. ಕೆರೆಗೆ ಹೋಗುತ್ತದೆ ಎಂಬುದು ಬೆಂಗಳೂರಿನವರು ಬಲ್ಲ ಉತ್ತರ. ಈ ಸ್ಥಾವರಗಳ ಮೂಲ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದೆ. 1914ರಲ್ಲಿ ಅಲ್ಲಿಯ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಕೊಳಚೆ ನೀರಿಗೆ ಗಾಳಿ ಊದಿ, ತಳಕ್ಕೆ ಇಳಿದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆಯೇ ಹೊಸ ಕೊಳಚೆಯನ್ನು ಸುರಿದು ನೋಡಿದರು. ಮೊದಲ ಸಲ ವಾರಗಟ್ಟಲೆ ಹಿಡಿದ ಶುದ್ಧಿ, ಕೆಸರು ಕೂಡುತ್ತ ಹೋದಂತೆ ಒಂದು ದಿನದೊಳಗೆ ಮುಗಿಯತೊಡಗಿತು. ಕೆಸರಿನಲ್ಲಿ ನೆಲೆಸಿದ ಕಣ್ಣಿಗೆ ಕಾಣದ ಜೀವಿಗಳೇ ಆ ಕೆಲಸ ಮಾಡುತ್ತಿದ್ದವು. ಇವರಿಗೆ ದಾರಿ ತೋರಿದವರು ಗಿಲ್ಬರ್ಟ್ ಫೌಲರ್. ಆ ಫೌಲರ್ ಅವರೇ 1916ರಲ್ಲಿ ಬೆಂಗಳೂರಿಗೆ ಬಂದು, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಜಗತ್ತಿನ ಮಹಾನಗರಗಳು ಇಂದಿಗೂ ಈ ಪದ್ಧತಿಯನ್ನು ನಂಬಿವೆ. ಆದರೆ ಹಗಲೂ ರಾತ್ರಿ ಗಾಳಿ ಊದುವ ಯಂತ್ರ ಬೇಕು, ಅದಕ್ಕೆ ವಿದ್ಯುತ್ತು ಬೇಕು, ನೋಡಿಕೊಳ್ಳಲು ತಿಳಿದವರು ಬೇಕು, ಎಲ್ಲಕ್ಕಿಂತ ಮೊದಲು ಮನೆಮನೆಯಿಂದ ಕೊಳವೆ ಬೇಕು, ಕೊಳವೆಯಲ್ಲಿ ಹರಿಯುವಷ್ಟು ನೀರು ಬೇಕು. ಮುನ್ನೂರು ಮನೆಯ ಹಳ್ಳಿ ಇದನ್ನೆಲ್ಲ ಎಲ್ಲಿಂದ ತರಬೇಕು? ದಿನಕ್ಕೆ ಹತ್ತು ಗಂಟೆ ಕರೆಂಟು ಕಾಣದ ಊರುಗಳೂ ಉಂಟು. ಆದ್ದರಿಂದ ಹಳ್ಳಿಯ ಶುದ್ಧೀಕರಣ ಪ್ರತಿ ಮನೆಯ ಹಿತ್ತಿಲಿನಲ್ಲಿಯೇ, ಯಂತ್ರವಿಲ್ಲದೆ, ಮಣ್ಣಿನ ಕೈಯಿಂದಲೇ ಆಗಬೇಕಾಗುತ್ತದೆ. ಹಿತ್ತಲ ಗಿಡ ಮದ್ದಲ್ಲವೆಂಬ ಮಾತು ಹಿತ್ತಲ ಮಣ್ಣಿಗೂ ಅನ್ವಯಿಸಿತೆಂದೇ ಕಾಣುತ್ತದೆ. ಅದರ ಸಾಮರ್ಥ್ಯವನ್ನು ಒಪ್ಪಿಕೊಳ್ಳಲು ವಿದ್ಯಾವಂತರಿಗೆ ಬಹುಕಾಲ ಹಿಡಿಯಿತು.

ಗಂಗದೇವಿಪಲ್ಲಿಯ ಹಿತ್ತಿಲಿನಲ್ಲಿದ್ದುದು ಎರಡು ಗುಂಡಿಯ ಪಾಯಿಖಾನೆ. ಇದರ ರಚನೆ ಮಗುವಿಗೂ ಅರ್ಥವಾಗುವಂಥದು. ಕಡಿದಾದ ಇಳಿಜಾರಿನ ಒಂದು ಪಿಂಗಾಣಿಯ ಬೋಗುಣಿ. ಅದರ ಕೆಳಗೆ ಬಾಗಿದ ಕೊಳವೆ. ಆ ಬಾಗಿನಲ್ಲಿ 20 ಮಿಲಿಮೀಟರಿನಷ್ಟು ನೀರು ಸದಾ ನಿಂತಿದ್ದು ದುರ್ವಾಸನೆಗೂ ನೊಣಕ್ಕೂ ಬಾಗಿಲು ಹಾಕಿರುತ್ತದೆ. ಒಂದೂವರೆ ಎರಡು ಲೀಟರ್ ನೀರು, ಎಂದರೆ ಒಂದು ತಂಬಿಗೆಗಿಂತ ಕೊಂಚ ಹೆಚ್ಚು, ಸುರಿದರೆ ಸಾಕು. ನಗರದ ಹಳೆಯ ತೊಟ್ಟಿಗಳು ಇದೇ ಕೆಲಸಕ್ಕೆ ಹತ್ತು ಲೀಟರ್ ಖರ್ಚು ಮಾಡುತ್ತಿದ್ದವು. ಅಲ್ಲಿಂದ ಕೊಳವೆ ಒಂದು ಸಣ್ಣ ಕಟ್ಟೆಗೆ ಬರುತ್ತದೆ. ಅಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲಿಗೆ ಇಟ್ಟಿಗೆ ಇಟ್ಟು ಮುಚ್ಚಿರುತ್ತಾರೆ. ಇನ್ನೊಂದರಲ್ಲಿ ಎಲ್ಲವೂ ಮೊದಲನೆಯ ಗುಂಡಿಗೆ ಹೋಗುತ್ತದೆ. ಗುಂಡಿಯ ಗೋಡೆ ಜೇನುಗೂಡಿನಂತೆ ಸಂದು ಸಂದು ಬಿಟ್ಟು ಕಟ್ಟಿದ್ದು, ತಳಕ್ಕೆ ಗಾರೆಯಿಲ್ಲ. ನೀರು ಆ ಸಂದುಗಳಿಂದ ಸುತ್ತಲಿನ ಮಣ್ಣಿಗೆ ಇಂಗುತ್ತದೆ. ಅನಿಲಗಳನ್ನೂ ಮಣ್ಣೇ ಹೀರಿಕೊಳ್ಳುತ್ತದೆ. ಆಕಾಶಕ್ಕೆ ಕೊಳವೆ ಎತ್ತುವ ಅಗತ್ಯವೂ ಇಲ್ಲ. ಉಳಿದದ್ದು ಕೊಳೆತು ಕುಗ್ಗುತ್ತದೆ.

ಒಂದು ಮೀಟರ್ ಅಗಲ, ಒಂದು ಮೀಟರಿಗೆ ಸ್ವಲ್ಪ ಮೇಲೆ ಆಳ: ಇಷ್ಟೇ ಗುಂಡಿ. ಇದನ್ನು ಕಂಡ ಗೃಹಸ್ಥರು ಮೇಸ್ತ್ರಿಯನ್ನು ಗದರಿಸುವುದುಂಟು: "ಇದೇನು, ದೀಪಾವಳಿಗೆ ಕಟ್ಟಿದರೆ ಯುಗಾದಿಗೆ ತುಂಬಿಬಿಡುತ್ತದಲ್ಲ!" ಲೆಕ್ಕ ಹಾಕಿದರೆ ಆ ಭಯ ನಿಲ್ಲುವುದಿಲ್ಲ. ನೀರು ಇಂಗಿ, ಕೊಳೆತು ಕುಗ್ಗಿದ ಮೇಲೆ ಒಬ್ಬ ಮನುಷ್ಯನ ಒಂದು ವರ್ಷದ ಶೇಷ ಸುಮಾರು 45 ಲೀಟರಿನಷ್ಟು. ಐದು ಜನರ ಸಂಸಾರಕ್ಕೆ ಮೂರು ವರ್ಷಕ್ಕೆ 675 ಲೀಟರ್ ಆಯಿತು. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ದುಂಡು ಗುಂಡಿ 785 ಲೀಟರ್ ಹಿಡಿಯುತ್ತದೆ. ಮೂರು ವರ್ಷ ನಿಶ್ಚಿಂತೆ. ಆ ಬಳಿಕ ಇಟ್ಟಿಗೆಯನ್ನು ಈ ಕವಲಿನಿಂದ ತೆಗೆದು ಆ ಕವಲಿಗೆ ಇಟ್ಟರೆ ಎರಡನೆಯ ಗುಂಡಿಯ ಪಾಳಿ ಆರಂಭ. ತುಂಬಿದ ಗುಂಡಿ ಮುಚ್ಚಿಕೊಂಡು ವಿಶ್ರಾಂತಿ ಪಡೆಯುತ್ತದೆ.

ಈ ವಿಶ್ರಾಂತಿಯೇ ಇಡೀ ಪದ್ಧತಿಯ ಪ್ರಾಣ. ಹೊಸ ಹೊಲಸು ಮೇಲೆ ಬೀಳದಿರುವುದರಿಂದ ಒಳಗಿನ ರೋಗಾಣುಗಳು ಒಂದೊಂದಾಗಿ ಅಳಿಯುತ್ತವೆ. ವಾಂತಿಭೇದಿಯ, ವಿಷಮಶೀತದ ಅಣುಗಳು ಬೇಗ ಸಾಯುತ್ತವೆ. ಎಲ್ಲಕ್ಕಿಂತ ಹಟಮಾರಿಯಾದುದು ದುಂಡು ಜಂತುಹುಳುವಿನ ಮೊಟ್ಟೆ. ಒಂದು ಹೆಣ್ಣು ಹುಳು ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಅವುಗಳ ಕವಚ ಎಷ್ಟು ಗಟ್ಟಿಯೆಂದರೆ ವರ್ಷ ದಾಟಿದರೂ ಕೆಲವು ಜೀವ ಹಿಡಿದಿರುತ್ತವೆ. ಆದ್ದರಿಂದಲೇ ಒಂದೂವರೆಯಿಂದ ಎರಡು ವರ್ಷ ಗುಂಡಿಯನ್ನು ಮುಟ್ಟಬಾರದೆಂಬ ನಿಯಮ. ಎರಡನೆಯ ಗುಂಡಿ ತುಂಬಲು ಮೂರು ವರ್ಷ ಬೇಕಾಗಿರುವುದರಿಂದ ಅವಸರಕ್ಕೆ ಕಾರಣವೂ ಇಲ್ಲ.

ಮಣ್ಣಿನ ಸ್ವಭಾವವನ್ನು ಮಾತ್ರ ಮರೆಯಬಾರದು. ಕುಡಿಯುವ ನೀರಿನ ಬಾವಿಗೂ ಗುಂಡಿಗೂ 10 ಮೀಟರಿನ ಅಂತರ ಬೇಕು. ಮಳೆಗಾಲದಲ್ಲಿ ಅಂತರ್ಜಲ ಎಷ್ಟು ಮೇಲಕ್ಕೆ ಬರುತ್ತದೋ ಅದಕ್ಕಿಂತ ಎರಡು ಮೀಟರಿನಷ್ಟಾದರೂ ಎತ್ತರದಲ್ಲಿ ಗುಂಡಿಯ ತಳವಿರುವುದು ಲೇಸು. ಬಯಲುಸೀಮೆಯಲ್ಲಿ ಇದು ಕಷ್ಟವಲ್ಲ. ಕರಾವಳಿಯಲ್ಲಿ, ಆಷಾಢದಲ್ಲಿ ಬಾವಿಯ ನೀರನ್ನು ಬಗ್ಗಿ ಕೈಯಿಂದ ಮುಟ್ಟಬಹುದಾದ ಮನೆಗಳಲ್ಲಿ, ಇದೇ ಗುಂಡಿ ಬಾವಿಗೆ ಶತ್ರುವಾದೀತು. ಅಲ್ಲಿ ನೆಲದಿಂದ ಮೇಲಕ್ಕೆ ಏರಿಸಿ ಕಟ್ಟಬೇಕು, ಇಲ್ಲವೇ ಬೇರೆ ಪದ್ಧತಿ ಹುಡುಕಬೇಕು. ವಿಜಯಪುರ ಧಾರವಾಡಗಳ ಎರೆಮಣ್ಣು ನೀರು ಇಂಗಿಸಿಕೊಳ್ಳಲು ಜಿಪುಣ; ಅಲ್ಲಿ ಗುಂಡಿಯ ಸುತ್ತ ಮರಳಿನ ಕವಚ ತುಂಬುತ್ತಾರೆ.

ಇದೆಲ್ಲ ನಿನ್ನೆ ಮೊನ್ನೆಯ ಶೋಧವಲ್ಲ. ಹಳ್ಳಿಗೆ ತಕ್ಕ ನೀರು ಸುರಿಯುವ ಬೋಗುಣಿಯನ್ನು 1950ರ ದಶಕದಲ್ಲಿ ಲಖನೌದ ಯೋಜನಾ ಸಂಶೋಧನ ಸಂಸ್ಥೆಯವರು ರೂಪಿಸಿದರು. 1970ರಿಂದ ಮುಂದೆ ಬಿಹಾರದ ಬಿಂದೇಶ್ವರ ಪಾಠಕರು ಎರಡು ಗುಂಡಿಯ ಪಾಯಿಖಾನೆಯನ್ನು 'ಸುಲಭ' ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಪರಿಚಯಿಸಿದರು. ಇನ್ನೂ ಹಿಂದಕ್ಕೆ ಹೋದರೆ ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯಲ್ಲಿ, 1930ರ ದಶಕದ ಕೊನೆಯ ಸುಮಾರಿಗೆ, ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿಗಳು ಪಟ್ಟಣದ ಕಸವನ್ನೂ ಮಲವನ್ನೂ ಕಾಲುವೆಯಲ್ಲಿ ಪದರ ಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ, ಕೆದಕದೆ ಬಿಟ್ಟು ಗೊಬ್ಬರ ಮಾಡುವ ವಿಧಾನವನ್ನು ರೂಢಿಗೆ ತಂದರು. ಕೃಷಿಶಾಸ್ತ್ರದ ಪುಸ್ತಕಗಳಲ್ಲಿ ಅದು 'ಬೆಂಗಳೂರು ಪದ್ಧತಿ' ಎಂದೇ ಪ್ರಸಿದ್ಧ. ಊರಿನ ಹೆಸರು ಹೊತ್ತ ಈ ಕೀರ್ತಿ ಊರಿನ ಎಷ್ಟು ಮಂದಿಗೆ ಗೊತ್ತೋ!

ಹಾಗಾದರೆ ವಿಜ್ಞಾನ ತಿಳಿದಿದೆ, ಖರ್ಚು ಕಡಿಮೆ, ಗೊಬ್ಬರದ ಲಾಭ ಬೇರೆ. ಇಷ್ಟಾಗಿಯೂ ದೆಹಲಿಯ ಕಾರ್ಯದರ್ಶಿಗಳು ಏಕೆ ಗುಂಡಿಗೆ ಇಳಿಯಬೇಕಾಯಿತು? ಇಲ್ಲಿಂದ ಮುಂದೆ ವಿಷಯ ರಸಾಯನಶಾಸ್ತ್ರದ್ದಲ್ಲ.

ಒಂದು ಹಳೆಯ ಘಟನೆಯನ್ನು ನೆನೆಯಬೇಕು. 1932ರಲ್ಲಿ ಕೊಂಕಣದ ರತ್ನಾಗಿರಿ ಜೈಲಿನಲ್ಲಿ ಅಪ್ಪಾಸಾಹೇಬ ಪಟವರ್ಧನರೆಂಬ ಗಾಂಧೀಭಕ್ತ ಕೈದಿ ತಮಗೆ ಪಾಯಿಖಾನೆ ತೊಳೆಯುವ ಕೆಲಸ ಕೊಡಿರೆಂದು ಕೇಳಿದರು. ಜೈಲಿನ ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಮೇಲುಜಾತಿಯಲ್ಲಿ ಹುಟ್ಟಿದ ಕೈದಿಗೆ ಆ ಕೆಲಸ ಕೊಡುವಂತಿಲ್ಲ! ಕೊಡಬೇಕೆಂದು ಪಟವರ್ಧನರು ಆಹಾರ ಬಿಟ್ಟರು. ಸುದ್ದಿ ತಿಳಿದ ಗಾಂಧೀಜಿ ಯರವಡಾ ಜೈಲಿನಲ್ಲಿ ಡಿಸೆಂಬರ್ ತಿಂಗಳಲ್ಲಿ ತಾವೂ ಉಪವಾಸ ಕುಳಿತರು. ಬ್ರಿಟಿಷ್ ಸರ್ಕಾರ ಭರವಸೆ ಕೊಟ್ಟ ಮೇಲೆಯೇ ಅದು ನಿಂತದ್ದು. ಉಪ್ಪಿಗಾಗಿ ನಡೆದ ಸತ್ಯಾಗ್ರಹವನ್ನು ಪಾಠಪುಸ್ತಕಗಳು ಹೇಳುತ್ತವೆ. ಪೊರಕೆಗಾಗಿ ನಡೆದ ಈ ಸತ್ಯಾಗ್ರಹವನ್ನು ಹೇಳುವುದು ಅಪರೂಪ. ಪಟವರ್ಧನರು ಮುಂದೆ ಕಣಕವಲಿಯ ಬಳಿಯ ಗೋಪುರಿ ಆಶ್ರಮದಲ್ಲಿದ್ದು ಎರಡು ಕುಳಿಯ ಗೊಬ್ಬರದ ಪಾಯಿಖಾನೆಯನ್ನು ಹಳ್ಳಿಗರಿಗೆ ಕಲಿಸಿದರು.

ಜೈಲಿನ ಆ ನಿಯಮ ಹೋಯಿತು; ಮನೆಯ ನಿಯಮ ಹೋಗಲಿಲ್ಲ. ಮಲವನ್ನು ಮುಟ್ಟುವ ಕೆಲಸ ಒಂದು ಜಾತಿಯದೆಂದು ಶತಮಾನಗಳಿಂದ ಗೆರೆ ಎಳೆದಿಟ್ಟಿರುವ ಸಮಾಜದಲ್ಲಿ, ಮೂರು ವರ್ಷದ ಬಳಿಕ ಈ ಗುಂಡಿಯನ್ನು ತೆರೆಯುವವರು ಯಾರು ಎಂಬ ಪ್ರಶ್ನೆ ಬುನಾದಿ ತೋಡುವ ದಿನವೇ ಏಳುತ್ತದೆ. ಅದು ಈಗ ಮಲವಲ್ಲ, ಮಣ್ಣು ಎಂದರೆ ಬುದ್ಧಿ ಒಪ್ಪುತ್ತದೆ, ಕೈ ಒಪ್ಪುವುದಿಲ್ಲ. ಡಯೇನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಭಾರತದ ಹಳ್ಳಿಗಳಲ್ಲಿ ಅಲೆದು 2017ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಅವರು ಕಂಡದ್ದು ಇದನ್ನೇ. ಮನೆಯಲ್ಲಿ ಬಳಕೆಗೆ ಯೋಗ್ಯವಾದ ಪಾಯಿಖಾನೆಯಿದ್ದರೂ ಶೇಕಡ 40ಕ್ಕೂ ಹೆಚ್ಚು ಮನೆಗಳಲ್ಲಿ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು. ಬಳಸಿದರೆ ಗುಂಡಿ ತುಂಬುತ್ತದೆ, ತುಂಬಿದರೆ ತೆಗೆಯಬೇಕು, ತೆಗೆಯುವವರು ಯಾರು: ಈ ಸರಪಳಿಯೇ ಅವರನ್ನು ಬಯಲಿಗೆ ಎಳೆಯುತ್ತಿತ್ತು. ಸ್ವಂತ ಹಣದಿಂದ ಕಟ್ಟಿಸಿದವರು ಸರ್ಕಾರ ಹೇಳಿದ ಗುಂಡಿಯ ಹಲವು ಪಟ್ಟು ದೊಡ್ಡದನ್ನು ತೋಡಿಸುತ್ತಿದ್ದರು, ಒಂದು ತಲೆಮಾರಿನ ಮಟ್ಟಿಗಾದರೂ ಆ ಪ್ರಶ್ನೆ ಏಳದಿರಲೆಂದು.

ಉತ್ತರ ಭಾರತದ ಮಾತೆಂದು ಸಮಾಧಾನ ಪಡುವಂತಿಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಊರಿನಲ್ಲಿರುವ ತಂದೆತಾಯಿಗಳಿಗೆ ಪಾಯಿಖಾನೆ ಕಟ್ಟಿಸಿಕೊಡುವುದು ಈಚಿನ ವರ್ಷಗಳಲ್ಲಿ ಸಾಮಾನ್ಯ ದೃಶ್ಯ. ಆತ ಮೇಸ್ತ್ರಿಗೆ ಫೋನಿನಲ್ಲಿ ಹೇಳುವ ಮಾತೂ ಒಂದೇ: "ಖರ್ಚಾದರೆ ಆಗಲಿ, ಜನ್ಮದಲ್ಲಿ ತುಂಬಬಾರದು, ಹಾಗೆ ತೋಡು." ಮೇಸ್ತ್ರಿ ಸಿಮೆಂಟಿನ ಬಳೆಗಳನ್ನು ಒಂದರ ಮೇಲೊಂದು ಇಳಿಸುತ್ತಾನೆ. ಹತ್ತು ಅಡಿ, ಹದಿನೈದು ಅಡಿ. ಮಗನ ಪ್ರೀತಿಯಲ್ಲಿ ಕೊರತೆಯಿಲ್ಲ; ಲೆಕ್ಕದಲ್ಲಿದೆ. ಜನ್ಮದಲ್ಲಿ ತುಂಬದ ಗುಂಡಿ ಎಂಬುದಿಲ್ಲ. ತಡವಾಗಿ ತುಂಬುವ ಗುಂಡಿಯಿದೆ ಅಷ್ಟೇ. ಅದು ತುಂಬಿದ ದಿನ ಒಳಗಿರುವುದು ಮಣ್ಣಲ್ಲ. ನಿನ್ನೆಯದರ ಮೇಲೆ ಇಂದಿನದು ಬಿದ್ದಿರುವ ಹಸಿ ಹೊಲಸು. ಅದರಿಂದ ಏಳುವುದು ಕ್ಷಣದಲ್ಲಿ ಪ್ರಜ್ಞೆ ತಪ್ಪಿಸಿ ಕೊಲ್ಲಬಲ್ಲ ಅನಿಲ. ಆಳ ಹೆಚ್ಚಿದಷ್ಟೂ ಅಂತರ್ಜಲಕ್ಕೆ ಹತ್ತಿರ. ಎಂದರೆ ಅದೇ ತಂದೆತಾಯಿ ಕುಡಿಯುವ ನೀರಿಗೆ ಹತ್ತಿರ.

ಆ ದಿನ ಟ್ಯಾಂಕರು ಬರುತ್ತದೆ. ಹೀರಿಕೊಂಡು ಎಲ್ಲಿ ಸುರಿಯುತ್ತದೆಂದು ಮನೆಯವರು ಕೇಳುವುದಿಲ್ಲ, ಟ್ಯಾಂಕರಿನವನೂ ಹೇಳುವುದಿಲ್ಲ. ಹಳ್ಳದಲ್ಲಿ, ಕೆರೆಯಂಗಳದಲ್ಲಿ, ಹೆದ್ದಾರಿಯ ಬದಿಯಲ್ಲಿ, ಹೊತ್ತು ಮುಳುಗಿದ ಮೇಲೆ. ಬೆಂಗಳೂರಿನ ಉತ್ತರಕ್ಕಿರುವ ದೇವನಹಳ್ಳಿಯಲ್ಲಿ 2015ರಲ್ಲಿ ಇಂಥ ಕೆಸರನ್ನೇ ತಂದು ಶುದ್ಧಿ ಮಾಡಿ ಗೊಬ್ಬರ ಮಾಡುವ ಸ್ಥಾವರ ಆರಂಭವಾಯಿತು. ಪಟ್ಟಣಗಳಿಗೆ ಅದು ಒಳ್ಳೆಯ ಮಾದರಿ. ಒಳಗಿನ ಹಳ್ಳಿಗೆ ಅಂಥ ಸ್ಥಾವರ ಎಲ್ಲಿದೆ? ಟ್ಯಾಂಕರೂ ಹೋಗದ ಓಣಿಗಳಿರುತ್ತವೆ. ಅಲ್ಲಿ ಕತ್ತಲಾದ ಮೇಲೆ ಒಬ್ಬ ಮನುಷ್ಯ ಬಕೆಟ್ಟು ಹಿಡಿದು ಬರುತ್ತಾನೆ. ಯಾವ ಕೇರಿಯಿಂದ ಬರುತ್ತಾನೆಂಬುದನ್ನು ಬರೆಯಬೇಕಾಗಿಲ್ಲ. ಅವನಿಗೆ ಹಣ ಕೊಡುತ್ತಾರೆ, ಕೆಲವೊಮ್ಮೆ ಒಂದು ಬಾಟಲಿಯನ್ನೂ ಕೊಡುತ್ತಾರೆ. ಗುಂಡಿಗೆ ಇಳಿದು ಮೇಲೆ ಬಾರದವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತದೆ. ಮೊದಲು ಒಬ್ಬ, ಅವನನ್ನು ಎತ್ತಲು ಹೋದ ಇನ್ನೊಬ್ಬ.

ಕಾನೂನು ಸುಮ್ಮನಿಲ್ಲ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿಯೇ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ದೇಶಕ್ಕೆಲ್ಲ ಅನ್ವಯಿಸುವಂತೆ 1993ರಲ್ಲಿ ಒಂದು, 2013ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು ಕಾನೂನು ಬಂದವು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಕೆಲಸದಿಂದ ಜನರನ್ನು ಬಿಡಿಸಲು ಬಾಳನ್ನೇ ಸವೆಸಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಒಳಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷವೆಂದೂ 2023ರಲ್ಲಿ 30 ಲಕ್ಷವೆಂದೂ ನಿರ್ಧರಿಸಿತು. ಇಷ್ಟರ ನಡುವೆ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ವೃತ್ತಿಯ ಜನ ಬೀದಿಗೆ ಬಂದು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಿದರು. ಅವರ ಕಡೆಗೆ ನಾಡಿನ ಕಣ್ಣು ತಿರುಗಲು ಅಷ್ಟು ಬೇಕಾಯಿತು.

2013ರ ಕಾನೂನಿನಲ್ಲಿ ಒಂದು ಸೂಕ್ಷ್ಮವಿದೆ. ಅದು ನಿಷೇಧಿಸುವುದು ಪೂರ್ಣವಾಗಿ ಕೊಳೆತು ಮಾರ್ಪಡುವುದಕ್ಕೆ ಮುಂಚಿನ ಮಲವನ್ನು ಕೈಯಿಂದ ತೆಗೆಸುವುದನ್ನು. ಎರಡು ವರ್ಷ ವಿಶ್ರಾಂತಿ ಪಡೆದ ಗುಂಡಿಯ ಗೊಬ್ಬರವನ್ನು ಮನೆಯ ಯಜಮಾನ ತಾನೇ ಸಲಿಕೆ ಹಿಡಿದು ತೆಗೆದು ತೋಟಕ್ಕೆ ಹಾಕಿಕೊಂಡರೆ ಅದು ಬೇರೆಯೇ ಕೆಲಸ. ಹೀಗೆ ಎರಡನೆಯ ಗುಂಡಿ ಒಬ್ಬ ಮನುಷ್ಯನನ್ನು ಬಿಡಿಸಬಲ್ಲದು, ಆದರೆ ಯಜಮಾನ ಸಲಿಕೆ ಹಿಡಿದರೆ ಮಾತ್ರ. ಆ ಗೊಬ್ಬರ ತೆಗೆಯುವುದಕ್ಕೂ ಅದೇ ಕೇರಿಗೆ ಆಳು ಕಳಿಸಿದರೆ ಗುಂಡಿಯೊಂದು ಹೆಚ್ಚಾಯಿತೇ ಹೊರತು ಬದಲಾದದ್ದೇನು? ಕೈ ಕೆಸರಾದರೆ ಬಾಯಿ ಮೊಸರೆಂದು ಮಕ್ಕಳಿಗೆ ದಿನವೂ ಹೇಳುವ ಮನೆಗಳೇ ಇವು. ಕೆಸರಿನ ಆಯ್ಕೆಯಲ್ಲಿ ಮಾತ್ರ ಬಹಳ ಎಚ್ಚರಿಕೆ.

ಗಂಗದೇವಿಪಲ್ಲಿಯಲ್ಲಿ ನಡೆದದ್ದನ್ನು ಬರಿಯ ಪ್ರದರ್ಶನವೆಂದು ಕೆಲವರು ಹಗುರಾಗಿ ಆಡಿದರು. ಪ್ರದರ್ಶನ ಹೌದು. ಹುಟ್ಟಿನಿಂದಲೂ ಹುದ್ದೆಯಿಂದಲೂ ಆ ಗುಂಡಿಯ ಹತ್ತಿರಕ್ಕೂ ಹೋಗಬೇಕಾಗಿಲ್ಲದವರು ಇಳಿದದ್ದರಿಂದಲೇ ಅದಕ್ಕೆ ಬೆಲೆ. ಆದರೆ ದೇಶದಲ್ಲಿ ಅಧಿಕಾರಿಗಳಿಗಿಂತ ಗುಂಡಿಗಳು ಹೆಚ್ಚು. 2014ರ ಅಕ್ಟೋಬರಿನಿಂದ ಐದು ವರ್ಷಗಳಲ್ಲಿ ಸರ್ಕಾರದ ಲೆಕ್ಕದಂತೆ ಹಳ್ಳಿಗಳಲ್ಲಿ 10 ಕೋಟಿಗೂ ಮಿಗಿಲಾದ ಪಾಯಿಖಾನೆಗಳು ಎದ್ದವು. ಮನೆಗೆ 12,000 ರೂಪಾಯಿಯ ನೆರವು ಸಿಕ್ಕಿತು. ಕಟ್ಟಿಸುವುದಕ್ಕೆ ಹಣ ಬಂದಿತು, ಫಲಕ ಬಂದಿತು, ಉದ್ಘಾಟನೆಯೂ ಆಯಿತು. ತೆರೆಯುವುದಕ್ಕೆ ಯಾರ ಫಲಕವೂ ಇಲ್ಲ.

ಇದರ ಜೊತೆಗೆ ಇನ್ನೊಂದು ನೀರು ಬಂದು ಸೇರಿದೆ. ಬಚ್ಚಲ ನೀರು. ಹಳೆಯ ಮನೆಗಳಲ್ಲಿ ಬಾವಿಯಿಂದ ಸೇದಿ ತಂದ ನೀರಿಗೆ ಬೆಲೆಯಿತ್ತು. ಬಚ್ಚಲಿನ ಮೋರಿಯ ಬಾಯಲ್ಲಿ ಎರಡು ಬಾಳೆ, ಒಂದಿಷ್ಟು ಕೆಸು, ಬಸಳೆಯ ಚಪ್ಪರ. ಬಂದಷ್ಟನ್ನೂ ಅವು ಕುಡಿಯುತ್ತಿದ್ದವು. ಅಜ್ಜಿಗೆ ಅದು ಬಸಳೆ ಬೆಳೆಯುವ ಉಪಾಯವಾಗಿತ್ತು. ಇಂದಿನ ಇಂಜಿನಿಯರು ಅದನ್ನು ಶುದ್ಧೀಕರಣವೆನ್ನುತ್ತಾರೆ. 2019ರ ಆಗಸ್ಟಿನಲ್ಲಿ ಮನೆಮನೆಗೆ ನಲ್ಲಿ ಕೊಡುವ ಯೋಜನೆ ಆರಂಭವಾದಾಗ ದೇಶದ ಹಳ್ಳಿಗಳಲ್ಲಿ ನಲ್ಲಿಯಿದ್ದ ಮನೆಗಳು ಸುಮಾರು 3 ಕೋಟಿ 23 ಲಕ್ಷ. ಐದಾರು ವರ್ಷಗಳಲ್ಲಿ ಅವು 15 ಕೋಟಿಯನ್ನು ದಾಟಿದವು. ಒಬ್ಬರಿಗೆ ದಿನಕ್ಕೆ 55 ಲೀಟರಿನ ಲೆಕ್ಕ. ಕೊಡ ಹೊತ್ತು ಬಸವಳಿದ ಹೆಂಗಸರಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ಆದರೆ ಐದು ಜನರ ಮನೆಗೆ ಬಂದ 275 ಲೀಟರಿನಲ್ಲಿ 200 ಲೀಟರಿಗೂ ಮೇಲ್ಪಟ್ಟು ಸಾಬೂನು, ಜಿಡ್ಡು, ಅನ್ನದಗುಳು ಸಮೇತ ಹೊರಗೆ ಬರುತ್ತದೆ. ಎರಡು ಬಾಳೆಗೆ ಅಷ್ಟು ಬಾಯಾರಿಕೆಯಿಲ್ಲ. ನೀರು ಬೀದಿಗೆ ಹರಿಯುತ್ತದೆ, ಬೀದಿಯಲ್ಲಿ ನಿಲ್ಲುತ್ತದೆ. ನಿಂತ ಕೊಳಕು ನೀರಿನಲ್ಲಿ ಹುಟ್ಟುವ ಸೊಳ್ಳೆಯೇ ಆನೆಕಾಲು ರೋಗ ಹರಡುವಂಥದು. ಬೀದರ ಕಲಬುರಗಿ ಸೀಮೆಯವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ.

ಬೀದರಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ನಾಂದೇಡ ಜಿಲ್ಲೆಯಲ್ಲಿ ಟೆಂಭುರ್ಣಿ ಎಂಬ ಹಳ್ಳಿಯವರು ಇದಕ್ಕೆ ಮನೆಮನೆಗೂ ಇಂಗುಗುಂಡಿ ತೋಡಿದರು. ಬಚ್ಚಲ ನೀರು ಮೊದಲು ಒಂದು ಸಣ್ಣ ತೊಟ್ಟಿಯಲ್ಲಿ ಜಿಡ್ಡನ್ನೂ ಅಗುಳನ್ನೂ ಬಿಟ್ಟು, ಕಲ್ಲು ತುಂಬಿದ ಗುಂಡಿಗೆ ಇಳಿದು ಮಣ್ಣು ಸೇರುತ್ತದೆ. ತೆರೆದ ಚರಂಡಿಗಳು ಬತ್ತಿದುವು, ಸೊಳ್ಳೆಗಳು ತಗ್ಗಿದುವು. ಆ ಜಿಲ್ಲೆಯ ಬೇರೆ ಹಳ್ಳಿಗಳೂ ಅನುಸರಿಸಿದುವು. ಮನೆ ಒತ್ತೊತ್ತಾಗಿ ಇಂಗುಗುಂಡಿಗೆ ಜಾಗವಿಲ್ಲದ ಊರಿನಲ್ಲಿ ಚರಂಡಿಯ ಕೊನೆಗೆ ಜೊಂಡಿನ ಪಾತಿ ಮಾಡುವುದುಂಟು. ಜರ್ಮನಿಯ ಕೇಟೆ ಸೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಈ ಪ್ರಯೋಗ ಆರಂಭಿಸಿದಾಗ ಸಹೋದ್ಯೋಗಿಗಳು ಹೆಚ್ಚಾಗಿ ನಂಬಲಿಲ್ಲ. 1974ರಲ್ಲಿ ಆ ದೇಶದ ಓಥ್‌ಫ್ರೆಸೆನ್ ಎಂಬಲ್ಲಿ ಒಂದು ಊರಿನ ಕೊಳಚೆಗೇ ಅಂಥ ಪಾತಿ ಸಿದ್ಧವಾಯಿತು. ಕೊಳೆಯನ್ನು ಜೊಂಡು ಕುಡಿಯುತ್ತದೆಂದು ಹೇಳುವುದು ಅರ್ಧ ಸತ್ಯ. ಹೆಚ್ಚಿನ ಕೆಲಸ ಬೇರಿಗೂ ಕಲ್ಲಿಗೂ ಅಂಟಿಕೊಂಡ ಸೂಕ್ಷ್ಮಜೀವಿಗಳದು. ಮೊದಲ ತೊಟ್ಟಿಯ ಜಿಡ್ಡನ್ನು ವಾರಕ್ಕೊಮ್ಮೆ ತೆಗೆಯದಿದ್ದರೆ ಇಂಗುಗುಂಡಿಯೂ ಜೊಂಡಿನ ಪಾತಿಯೂ ಒಂದೆರಡು ವರ್ಷದಲ್ಲಿ ಕಟ್ಟಿಕೊಳ್ಳುತ್ತವೆ. ಅಲ್ಲಿಯೂ ಕೈಯ ಪ್ರಶ್ನೆಯೇ.

ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದವರು ಮನೆಯ ಹಿಂದೆ ಹೋಗಿ ಒಂದು ಸಂಗತಿಯನ್ನು ನೋಡಿಕೊಳ್ಳಬಹುದು. ಗುಂಡಿಗಳು ಎರಡಿದ್ದರೂ ನಡುವಣ ಕವಲಿನ ಕಟ್ಟೆಯನ್ನು ಮೇಸ್ತ್ರಿ ಕಟ್ಟದೇ ಬಿಟ್ಟಿರುವುದು, ಎರಡಕ್ಕೂ ಒಟ್ಟಿಗೆ ನೀರು ಹರಿಯಬಿಟ್ಟಿರುವುದು, ಇಲ್ಲವೆ ಒಂದು ತುಂಬಿ ಇನ್ನೊಂದಕ್ಕೆ ಉಕ್ಕುವಂತೆ ಕೊಳವೆ ಹಾಕಿರುವುದು ಅನೇಕ ಕಡೆ ಕಂಡುಬಂದಿದೆ. ಹಾಗಿದ್ದರೆ ಎರಡೂ ಸದಾ ಹಸಿಯಾಗಿರುತ್ತವೆ. ಎರಡು ಗುಂಡಿ ಇದ್ದೂ ಒಂದೇ. ಕಟ್ಟೆ ಕಟ್ಟಿಸಲು ಒಂದು ದಿನದ ಕೆಲಸ, ಕೆಲವು ಇಟ್ಟಿಗೆ, ಒಂದು ಕಲ್ಲು ಚಪ್ಪಡಿ ಸಾಕು. ಬಳಿಕ ಒಂದು ಕವಲನ್ನು ಮುಚ್ಚಿ, ಮುಚ್ಚಿದ ತಿಂಗಳನ್ನೂ ವರ್ಷವನ್ನೂ ಪಾಯಿಖಾನೆಯ ಗೋಡೆಯ ಮೇಲೆ, ಮಳೆಗೆ ಅಳಿಯದ ಬಣ್ಣದಲ್ಲಿ ಬರೆದಿಡಬೇಕು. ಪಕ್ಕದಲ್ಲಿ ಎರಡು ವರ್ಷ ಕೂಡಿಸಿ ಇನ್ನೊಂದು ತಾರೀಖನ್ನೂ, ಆ ದಿನ ಸಲಿಕೆ ಹಿಡಿಯುವ ಮನೆಯವರ ಹೆಸರನ್ನೂ.